ನೂರರ ಪೆನ್ನು, ಲಕ್ಷದ ಪೆನ್ನು: ನಡುವಿನ ದುಡ್ಡು ಎಲ್ಲಿಗೆ ಹೋಗುತ್ತದೆ?

ಶಾಯಿ ಪೆನ್ನಿನ ಹುಚ್ಚು ಹತ್ತಿಸಿಕೊಂಡವರು ನಾಲ್ಕು ಜನ ಸೇರಿದರೆ ಒಂದು ವಾದ ಬಂದೇ ಬರುತ್ತದೆ. "ಬರೆಯೋದಕ್ಕೆ ತಾನೇ, ನೂರು ರೂಪಾಯಿ ಪೆನ್ನು ಸಾಲದಾ?" ಎಂದು ಒಬ್ಬರು ಶುರುಮಾಡುತ್ತಾರೆ. "ಹತ್ತು ಸಲ ಅಗ್ಗದ್ದು ತಗೊಂಡು ಎಸೆಯೋ ಬದಲು ಒಂದೇ ಸಲ ಒಳ್ಳೇದು ತಗೋಬೇಕು" ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೂ ವಾದ ಮುಗಿಯುವುದಿಲ್ಲ. ಒಬ್ಬರು ಬೆಲೆಯ ಒಂದು ಪಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದರೆ, ಇನ್ನೊಬ್ಬರ ಮನಸ್ಸಿನಲ್ಲಿ ಬೇರೆಯೇ ಪಾಲು ಇರುತ್ತದೆ.

ಚಿನ್ನದಂಗಡಿಯಲ್ಲಿ ನಾವು ಹೀಗೆ ಮಾಡುವುದಿಲ್ಲ. ಬಳೆಯ ಬಿಲ್ ಬಂದಾಗ ಚಿನ್ನದ ತೂಕಕ್ಕೆ ಎಷ್ಟು, ವೇಸ್ಟೇಜ್ ಎಷ್ಟು, ಮೇಕಿಂಗ್ ಚಾರ್ಜ್ ಎಷ್ಟು, ಕಲ್ಲಿಗೆ ಎಷ್ಟು ಎಂದು ಬಿಡಿಸಿ ಕೇಳುತ್ತೇವೆ. ಪೆನ್ನಿಗೆ ಅಂಥ ಬಿಲ್ ಯಾರೂ ಕೊಡುವುದಿಲ್ಲ, ಒಂದೇ ಒಂದು ಮೊತ್ತ ಇರುತ್ತದೆ. ಶಾಲೆ ಮಕ್ಕಳ ಇಂಕ್ ಪೆನ್ನು ನೂರು ರೂಪಾಯಿಯೊಳಗೆ ಸಿಗುತ್ತದೆ. ಮಾಂಟ್‌ಬ್ಲಾಂಕ್ 149 ಎಂಬ ಪ್ರಸಿದ್ಧ ಜರ್ಮನ್ ಪೆನ್ನಿಗೆ ಲಕ್ಷದ ಹತ್ತಿರ ಕೊಡಬೇಕು. ಈ ಎರಡರ ನಡುವಿನ ದುಡ್ಡು ಯಾವ ಯಾವ ಬಾಬತ್ತಿಗೆ ಹೋಗುತ್ತದೆ ಎಂದು ಬಿಡಿಸಿ ನೋಡಿದರೆ, ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲಿಸಬಹುದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಪೆನ್ನು ಬರೆಯುವುದು ಹೇಗೆ ಎಂಬುದನ್ನು ನೋಡೋಣ. ನಿಬ್ಬಿನ ನಡುವೆ ಒಂದು ಸೀಳು ಇದೆ. ಅದರ ಕೆಳಗೆ ಕಪ್ಪಗೆ, ಬಾಚಣಿಗೆಯಂತೆ ಗೆರೆಗೆರೆಯಾಗಿ ಕಾಣುವುದು ಫೀಡ್. ಫೀಡಿನ ಸಣ್ಣ ಕಾಲುವೆಯಲ್ಲಿ ಶಾಯಿ ಕೆಳಗಿಳಿಯುತ್ತದೆ, ಅದರ ಜಾಗ ತುಂಬಲು ಗಾಳಿ ಮೇಲೆ ಹೋಗುತ್ತದೆ. ಶಾಯಿ ಇಳಿಯುವುದು, ಗಾಳಿ ಏರುವುದು ಎರಡೂ ಸಮತೂಕದಲ್ಲಿದ್ದರೆ ಪೆನ್ನು ಕಕ್ಕುವುದಿಲ್ಲ, ಒಣಗುವುದೂ ಇಲ್ಲ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಇಂಥ ಫೀಡಿಗೇ. ಇನ್ನು ನಿಬ್ಬಿನ ತುದಿಯಲ್ಲಿ, ಸಾಸಿವೆಗಿಂತ ಚಿಕ್ಕದಾದ ಒಂದು ಗಟ್ಟಿ ಲೋಹದ ಗುಂಡು ಬೆಸೆದಿರುತ್ತದೆ. ಇದನ್ನು ಇಂದಿಗೂ ಇರಿಡಿಯಂ ಎಂದೇ ಕರೆಯುವ ರೂಢಿ. ಈಗ ಬಳಸುವುದು ಹೆಚ್ಚಾಗಿ ಆಸ್ಮಿಯಂ, ರುಥೇನಿಯಂ, ಟಂಗ್‌ಸ್ಟನ್ ಮುಂತಾದವುಗಳ ಮಿಶ್ರಲೋಹ. ಕಾಗದಕ್ಕೆ ತಾಗುವುದು ಈ ಗುಂಡು ಮಾತ್ರ. ಪೆನ್ನು ಜಾರುತ್ತದೋ ಕೆರೆಯುತ್ತದೋ ಎಂಬುದನ್ನು ತೀರ್ಮಾನಿಸುವುದು ಆ ಗುಂಡನ್ನು ಎಷ್ಟು ನಯವಾಗಿ ಉಜ್ಜಿದ್ದಾರೆ, ಸೀಳಿನ ಎರಡು ಬದಿ ಎಷ್ಟು ಸರಿಯಾಗಿ ಒಂದೇ ಮಟ್ಟದಲ್ಲಿವೆ ಎಂಬ ಎರಡು ಸಂಗತಿಗಳು. ಬರವಣಿಗೆಯ ಗುಣದ ಬಹುಪಾಲು ಇಲ್ಲೇ ಮುಗಿಯಿತು. ಈ ಎರಡು ಕೆಲಸಕ್ಕೂ ಲಕ್ಷ ರೂಪಾಯಿ ಬೇಕಿಲ್ಲ.

ಹಾಗಾದರೆ ಚಿನ್ನದ ನಿಬ್ಬು ಯಾಕೆ ಬಂತು? ಅದು ಶೋಕಿಗೆ ಬಂದದ್ದಲ್ಲ, ಅಂದಿನ ಶಾಯಿಯ ಕಾರಣಕ್ಕೆ ಬಂತು. ಹಿಂದಿನ ಕಪ್ಪು ಶಾಯಿ ಕಬ್ಬಿಣದ ಲವಣ ಮತ್ತು ಮರದ ಒಗರು ಸೇರಿ ಆಗುತ್ತಿದ್ದದ್ದು. ನಮ್ಮಲ್ಲಿ ಅಳಲೆಕಾಯಿ ಮತ್ತು ಅನ್ನಭೇದಿ ಸೇರಿಸಿ ಮಾಡುತ್ತಿದ್ದ ಕಪ್ಪೂ ಇದೇ ಜಾತಿಯದು. ಅದರಲ್ಲಿ ಆಮ್ಲದ ಅಂಶ ಜಾಸ್ತಿ, ಹಳೆಯ ಉಕ್ಕಿನ ನಿಬ್ಬನ್ನು ಕೆಲವೇ ಕಾಲದಲ್ಲಿ ತಿಂದು ಹಾಕುತ್ತಿತ್ತು. ಚಿನ್ನಕ್ಕೆ ಆಮ್ಲ ಹತ್ತುವುದಿಲ್ಲ. ಆದ್ದರಿಂದ ಬಾಳಿಕೆ ಬರುವ ಪೆನ್ನು ಬೇಕೆಂದರೆ ಚಿನ್ನ ಹಾಕಲೇಬೇಕಿತ್ತು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಬಂದ ಮೇಲೆ, ಶಾಯಿಯೂ ಸೌಮ್ಯವಾದ ಮೇಲೆ, ಆ ಕಾರಣ ಬಹುಮಟ್ಟಿಗೆ ಹೋಯಿತು. ಚಿನ್ನ ಮಾತ್ರ ಉಳಿಯಿತು.

ಚಿನ್ನದ ನಿಬ್ಬು ಮೆತ್ತಗೆ ಬಾಗುತ್ತದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಕೆಲವು ಬಾಗುತ್ತವೆ. ಆದರೆ ಬಾಗುವುದು ಬಿಡುವುದು ಲೋಹಕ್ಕಿಂತ ಹೆಚ್ಚಾಗಿ ನಿಬ್ಬಿನ ಆಕಾರ, ದಪ್ಪ, ಭುಜದ ಅಗಲದಿಂದ ನಿರ್ಧಾರವಾಗುತ್ತದೆ. ಮೊಳೆಯಷ್ಟು ಗಟ್ಟಿಯಾದ 18 ಕ್ಯಾರೆಟ್ ನಿಬ್ಬುಗಳಿವೆ, ಹಿತವಾಗಿ ಮಣಿಯುವ ಸ್ಟೀಲ್ ನಿಬ್ಬುಗಳೂ ಇವೆ. ಇನ್ನು ಚಿನ್ನದ ಬೆಲೆಯ ಲೆಕ್ಕ: ಸಾಮಾನ್ಯ ಅಳತೆಯ ನಿಬ್ಬು ಒಂದು ಗ್ರಾಂ ಕೂಡ ತೂಗುವುದಿಲ್ಲ. 14 ಕ್ಯಾರೆಟ್ ಎಂದರೆ ಅದರಲ್ಲಿ ಶುದ್ಧ ಚಿನ್ನ ನೂರಕ್ಕೆ 58.5 ಪಾಲು. ಚಿನ್ನದ ಇಂದಿನ ದರ ಎಷ್ಟೇ ಇರಲಿ, ಐವತ್ತು ಸಾವಿರದ ಪೆನ್ನಿನ ಬೆಲೆಗೆ ಆ ಚೂರು ಚಿನ್ನ ಮಾತ್ರ ಕಾರಣ ಎನ್ನಲಾಗುವುದಿಲ್ಲ.

ಜರ್ಮನಿಯ ಪೆಲಿಕಾನ್ ಕಂಪನಿಯ ಎರಡು ಪೆನ್ನುಗಳನ್ನು ಪಕ್ಕಪಕ್ಕ ಇಟ್ಟರೆ ಈ ವಿಷಯ ಕಣ್ಣಿಗೆ ಕಟ್ಟುತ್ತದೆ. ಎಂ200 ಮತ್ತು ಎಂ400 ಒಂದೇ ಅಳತೆಯವು. ಹಿಂಬದಿಯ ಗುಬುಟು ತಿರುಗಿಸಿ ಶಾಯಿ ಎಳೆಯುವ ಪಿಸ್ಟನ್ ಎರಡರಲ್ಲೂ ಇದೆ. 1929ರಿಂದಲೂ ಪೆಲಿಕಾನ್ ಪಿಸ್ಟನ್ ಪೆನ್ನು ಮಾಡುತ್ತಿದೆ, ಅದರಲ್ಲಿ ಅವರ ಕೈ ಪಳಗಿದೆ. ಒಂದರ ನಿಬ್ಬನ್ನು ತಿರುಗಿಸಿ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು. ಎಂ200ಕ್ಕೆ ಸ್ಟೀಲ್ ನಿಬ್ಬು, ಎಂ400ಕ್ಕೆ ಚಿನ್ನದ್ದು. ಜೊತೆಗೆ ಎಂ400ರ ಮೈಗೆ ಪಟ್ಟೆಪಟ್ಟೆಯ ಚೆಂದದ ವಸ್ತು, ಒಂದೆರಡು ಹೊಳೆಯುವ ಉಂಗುರ ಹೆಚ್ಚು. ಬೆಲೆ ಹೆಚ್ಚುಕಡಿಮೆ ದುಪ್ಪಟ್ಟು. ಬರೆಯುವಾಗ ವ್ಯತ್ಯಾಸ ಇಲ್ಲವೇ ಎಂದರೆ ಇದೆ, ಚಿನ್ನದ್ದು ತುಸು ಸ್ಪ್ರಿಂಗಿನಂತೆ ಆಡುತ್ತದೆ. ಆ ಆಟ ನನಗೂ ಇಷ್ಟ. ಆದರೆ ದುಪ್ಪಟ್ಟು ಬೆಲೆಗೆ ದುಪ್ಪಟ್ಟು ಬರವಣಿಗೆ ಸಿಗುತ್ತದೆ ಎಂದುಕೊಂಡು ಹೋದವರಿಗೆ ಬೇಸರವಾಗುವುದು ಖಂಡಿತ.

ಜಪಾನಿನ ಪೈಲಟ್ ಕಂಪನಿಯ ಉದಾಹರಣೆ ಇನ್ನೂ ನೇರ. ಮಕ್ಕಳು ಬರೆಯಲು ಕಲಿಯಲಿ ಎಂದು ಮಾಡಿದ ಕಾಕುನೋ ಎಂಬ ಪ್ಲಾಸ್ಟಿಕ್ ಪೆನ್ನಿನ ನಿಬ್ಬಿನ ಮೇಲೆ ಒಂದು ನಗುಮುಖ ಕೊರೆದಿದೆ. ಮುಖ ಮೇಲೆ ಕಾಣುವಂತೆ ಹಿಡಿದರೆ ಮಗು ಪೆನ್ನನ್ನು ಸರಿಯಾಗಿ ಹಿಡಿದಿದೆ ಎಂದರ್ಥ. ಅದೇ ಕಂಪನಿಯ ಮೆಟ್ರೋಪಾಲಿಟನ್ ಎಂಬ ಲೋಹದ ಮೈಯ ಪೆನ್ನು ಇದೆ, ಪ್ರೇರಾ ಎಂಬ ಇನ್ನೂ ದುಬಾರಿಯ ಅಚ್ಚುಕಟ್ಟು ಪೆನ್ನಿದೆ. ಈ ಮೂರರ ನಿಬ್ಬೂ ಒಂದೇ ಬಗೆಯದು, ಎಳೆದು ತೆಗೆದು ಅದಲುಬದಲು ಮಾಡಬಹುದು. ಮೂರು ಬೆಲೆಗೂ ಕಾಗದದ ಮೇಲೆ ಮೂಡುವ ಗೆರೆ ಒಂದೇ. ಬೇರೆಯಾಗುವುದು ಕೈಗೆ ಸಿಗುವ ತೂಕ, ಕ್ಯಾಪ್ ಮುಚ್ಚುವಾಗಿನ 'ಟಿಕ್' ಸದ್ದು, ಜೇಬಿನಲ್ಲಿ ಕಾಣುವ ಅಂದ. ಜರ್ಮನಿಯ ಬಾಕ್ ಮತ್ತು ಯೊವೊ ಎಂಬ ಎರಡು ನಿಬ್ಬಿನ ಕಾರ್ಖಾನೆಗಳು ಜಗತ್ತಿನ ಎಷ್ಟೋ ಕಂಪನಿಗಳಿಗೆ ನಿಬ್ಬು ಮಾಡಿ ಕೊಡುತ್ತವೆ. ಹಾಗಾಗಿ ಎರಡು ಬೇರೆ ಹೆಸರಿನ, ಬೇರೆ ದೇಶದ, ಬೇರೆ ಬೆಲೆಯ ಪೆನ್ನುಗಳ ನಿಬ್ಬು ಒಂದೇ ಕಾರ್ಖಾನೆಯಲ್ಲಿ ಹುಟ್ಟಿರುವುದು ಅಪರೂಪವೇನಲ್ಲ.

ಇಲ್ಲಿಗೆ ಮಿತವ್ಯಯದ ಪಕ್ಷ ಗೆದ್ದಂತೆ ಕಾಣುತ್ತದೆ. ಗೆದ್ದಿಲ್ಲ. ದುಬಾರಿ ಪೆನ್ನಿನ ಬೆಲೆಯಲ್ಲಿ ಇನ್ನೊಂದು ದೊಡ್ಡ ಬಾಬತ್ತು ಇದೆ, ಅದು ಕೈಕೆಲಸ.

ಜಪಾನಿನಲ್ಲಿ ಉರುಶಿ ಎಂಬ ಮರದ ಹಾಲಿನಿಂದ ಮಾಡಿದ ಅರಗಿನ ಲೇಪ ಇದೆ. ಅದನ್ನು ಪೆನ್ನಿನ ಮೈಗೆ ತೆಳ್ಳಗೆ ಹಚ್ಚಿ, ತೇವವಿರುವ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಬಣ್ಣದಂತೆ ಅದು ಬಿಸಿಲಿಗೆ ಒಣಗುವುದಿಲ್ಲ, ತೇವವಿರುವ ಗಾಳಿಯಲ್ಲೇ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಉಜ್ಜಬೇಕು, ಮತ್ತೆ ಹಚ್ಚಬೇಕು, ಮತ್ತೆ ಕಾಯಬೇಕು. ಹಸಿ ಉರುಶಿ ಮೈಗೆ ತಾಗಿದರೆ ತುರಿಕೆ, ಗುಳ್ಳೆ ಏಳುತ್ತವೆ. ಲೇಪ ಹಸಿಯಿರುವಾಗಲೇ ಅದರ ಮೇಲೆ ಚಿನ್ನದ ಪುಡಿ ಉದುರಿಸಿ ಚಿತ್ರ ಬಿಡಿಸುವುದು ಮಾಕಿ-ಎ. ಇಂಥ ಒಂದು ಪೆನ್ನಿಗೆ ತಿಂಗಳುಗಳು ಹಿಡಿಯುತ್ತವೆ. 1918ರಲ್ಲಿ ಶುರುವಾದ ಪೈಲಟ್ ಕಂಪನಿಯು 1930ರಲ್ಲಿ ಲಂಡನ್ನಿನ ಡನ್‌ಹಿಲ್ ಎಂಬ ಕಂಪನಿಯ ಜೊತೆ ಸೇರಿ ಈ ಪೆನ್ನುಗಳನ್ನು ಯುರೋಪಿಗೆ ಕಳಿಸಿತು, ಅಂದಿನಿಂದ ಇವುಗಳ ಹೆಸರು ಹರಡಿತು. ಈ ಪೆನ್ನಿಗೆ ಎರಡು ಮೂರು ಲಕ್ಷ ಕೊಡುವವರು ಬರೆಯುವ ಸಾಧನಕ್ಕೆ ಅಷ್ಟು ಕೊಡುತ್ತಿಲ್ಲ. ಒಬ್ಬ ಕುಶಲಕರ್ಮಿಯ ಹಲವು ತಿಂಗಳ ಕೂಲಿ ಮತ್ತು ಅವರ ಗುರುಗಳಿಂದ ಬಂದ ವಿದ್ಯೆಗೆ ಕೊಡುತ್ತಿದ್ದಾರೆ. ಮೈಸೂರು ರೇಷ್ಮೆ ಸೀರೆಗೋ ಒಳ್ಳೆಯ ವೀಣೆಗೋ ದುಡ್ಡು ಕೊಡುವಾಗ ನಮಗೆ ತಪ್ಪೆನಿಸದಿದ್ದರೆ ಇದೂ ತಪ್ಪೆನಿಸಬೇಕಿಲ್ಲ. ಕೊಡುವ ಶಕ್ತಿ ಇದೆಯೇ ಎಂಬ ಪ್ರಶ್ನೆ ಬೇರೆ.

ನನಗೆ ಹೆಚ್ಚು ಹತ್ತಿರದ ಉದಾಹರಣೆ ದಕ್ಷಿಣ ಭಾರತದ ಎಬೊನೈಟ್ ಪೆನ್ನುಗಳು. ರಬ್ಬರಿಗೆ ಗಂಧಕವನ್ನು ಹೇರಳವಾಗಿ ಸೇರಿಸಿ ಬಹಳ ಹೊತ್ತು ಬೇಯಿಸಿದರೆ ಅದು ಮರದಷ್ಟು ಗಟ್ಟಿಯಾಗುತ್ತದೆ, ಅದೇ ಎಬೊನೈಟ್. ಅದರ ಸಲಾಕೆಯನ್ನು ಲೇತಿಗೆ ಕೊಟ್ಟು, ಚನ್ನಪಟ್ಟಣದ ಬೊಂಬೆಯನ್ನು ತಿರುಗಿಸಿದ ಹಾಗೆಯೇ, ಕೈಯಲ್ಲಿ ಉಳಿ ಹಿಡಿದು ಒಂದೊಂದೇ ಪೆನ್ನು ತೆಗೆಯುತ್ತಾರೆ. ಆಂಧ್ರದ ರಾಜಮಹೇಂದ್ರಿಯ ರತ್ನಂ, ಗೈಡರ್, ತಮಿಳುನಾಡಿನ ತಿರುವಳ್ಳೂರಿನ ರಂಗ ಮುಂತಾದವರು ಈ ಕೆಲಸಕ್ಕೆ ಹೆಸರಾದವರು. ಹಿಡಿದರೆ ಬೆಚ್ಚಗಿರುತ್ತದೆ, ಬೆವರಿದ ಕೈಯಲ್ಲೂ ಜಾರುವುದಿಲ್ಲ. ಎಬೊನೈಟಿನ ಫೀಡ್ ಶಾಯಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಹಲವು ಮಾದರಿಗಳಲ್ಲಿ ಪೆನ್ನಿನ ಹೊಟ್ಟೆಗೇ ಡ್ರಾಪರಿನಲ್ಲಿ ಶಾಯಿ ತುಂಬಬಹುದು, ಎರಡು ಮೂರು ಮಿಲಿಲೀಟರ್ ಸುಲಭವಾಗಿ ಹಿಡಿಸುತ್ತದೆ. ಶಾಯಿ ಕಡಿಮೆಯಾದಾಗ ಮಾತ್ರ ಒಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ ಒಂದು ಹನಿ ತಳ್ಳುವುದುಂಟು, ಅದಕ್ಕೆ ಪೂರ್ತಿ ಖಾಲಿಯಾಗುವ ಮೊದಲೇ ತುಂಬಿಸುವುದು ಒಳ್ಳೆಯದು. ಜಪಾನಿನ ಕೈಕೆಲಸಕ್ಕೆ ಲಕ್ಷಗಳಾದರೆ, ಇವು ಕೆಲವೇ ಸಾವಿರಕ್ಕೆ ಸಿಗುತ್ತವೆ. ಇಷ್ಟು ಕಡಿಮೆ ಬೆಲೆಗೆ ಮನುಷ್ಯರ ಕೈಯಿಂದ ಆದ ಪೆನ್ನು ಸಿಗುವ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ, ಇದರ ಬಗ್ಗೆ ನಮ್ಮಲ್ಲಿ ಇನ್ನೂ ಹೆಚ್ಚು ಅಭಿಮಾನ ಇರಬೇಕಿತ್ತು.

ಮೂರನೆಯ ಬಾಬತ್ತು ಹೆಸರು. ಮಾಂಟ್‌ಬ್ಲಾಂಕ್ ನಿಬ್ಬಿನ ಮೇಲೆ 4810 ಎಂದು ಕೊರೆದಿರುತ್ತದೆ, ಆ ಹೆಸರಿನ ಶಿಖರದ ಎತ್ತರ ಮೀಟರಿನಲ್ಲಿ. ಜಪಾನಿನ ಪ್ಲಾಟಿನಂ ಕಂಪನಿ ತನ್ನ ಮುಖ್ಯ ಪೆನ್ನಿಗೆ 3776 ಎಂದು ಹೆಸರಿಟ್ಟಿದೆ, ಅದು ಫ್ಯೂಜಿ ಪರ್ವತದ ಎತ್ತರ. ಎರಡೂ ಗಟ್ಟಿ ಕೆಲಸದ, ಚಿನ್ನದ ನಿಬ್ಬಿನ ಪೆನ್ನುಗಳು. ಬೆಲೆಯಲ್ಲಿ ಮಾತ್ರ ಹಲವು ಪಟ್ಟು ಅಂತರ. ಆ ಅಂತರದಲ್ಲಿ ದೊಡ್ಡ ನಿಬ್ಬು, ಪಿಸ್ಟನ್ ವ್ಯವಸ್ಥೆ ಇವೆ, ನಿಜ. ಉಳಿದದ್ದು ಮಾಂಟ್‌ಬ್ಲಾಂಕ್ ಕ್ಯಾಪಿನ ತಲೆಯ ಮೇಲಿನ ಬಿಳಿ ನಕ್ಷತ್ರದ ಬೆಲೆ. ಬೆಲೆ ಏರಿದಷ್ಟೂ ಬೇಡಿಕೆ ಏರುವ ಇಂಥ ಸರಕುಗಳಿಗೆ ಅರ್ಥಶಾಸ್ತ್ರದಲ್ಲಿ ಥಾರ್ಸ್ಟೀನ್ ವೆಬ್ಲೆನ್ ಎಂಬ ಅಮೆರಿಕದ ಚಿಂತಕರ ಹೆಸರೇ ಅಂಟಿಕೊಂಡಿದೆ. ಜನ ತಮ್ಮ ಸ್ಥಾನ ತೋರಿಸಿಕೊಳ್ಳಲು ಖರ್ಚು ಮಾಡುವುದನ್ನು ಅವರು 1899ರಲ್ಲೇ ವಿವರವಾಗಿ ಬರೆದರು. ನಾಲ್ಕು ಜನ ಗುರುತಿಸಬೇಕು ಎಂಬ ಆಸೆ ಕೆಟ್ಟದ್ದು ಎಂದು ನಾನು ಹೇಳಲಾರೆ. ವಕೀಲರಿಗೋ ವ್ಯಾಪಾರಿಗೋ ಅದರಿಂದ ಕೆಲಸವೂ ಆಗುತ್ತಿರಬಹುದು. ಆದರೆ ಒಬ್ಬರೇ ಕೂತು ಡೈರಿ ಬರೆಯುವವರಿಗೆ ಆ ನಕ್ಷತ್ರವನ್ನು ನೋಡುವವರು ಯಾರು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು.

ಹೆಸರಿನ ಈ ವ್ಯಾಪಾರ ನಮ್ಮ ದೇಶದಲ್ಲಿ ಒಮ್ಮೆ ಕೋರ್ಟಿನ ಮೆಟ್ಟಿಲು ಹತ್ತಿತು. 2009ರಲ್ಲಿ ಗಾಂಧಿ ಜಯಂತಿಯ ಹೊತ್ತಿಗೆ ಮಾಂಟ್‌ಬ್ಲಾಂಕ್ ಕಂಪನಿ ಗಾಂಧೀಜಿ ಹೆಸರಿನಲ್ಲಿ ಒಂದು ಚಿನ್ನದ ಪೆನ್ನು ತಂದಿತು. ದಂಡಿ ಯಾತ್ರೆ 241 ಮೈಲಿ ಎಂಬ ಲೆಕ್ಕದಲ್ಲಿ 241 ಪೆನ್ನು ಮಾತ್ರ. ಮೈಗೆ ಚರಕದ ನೂಲನ್ನು ನೆನಪಿಸುವಂತೆ ಸುತ್ತಿದ ಚಿನ್ನದ ತಂತಿ, ನಿಬ್ಬಿನ ಮೇಲೆ ಗಾಂಧೀಜಿಯ ಚಿತ್ರ. ಬೆಲೆ ಹನ್ನೊಂದು ಲಕ್ಷ ರೂಪಾಯಿಗೂ ಮೇಲೆ. ಕೇರಳ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಿತ್ತು. ರಾಷ್ಟ್ರೀಯ ಲಾಂಛನ ಮತ್ತು ಹೆಸರುಗಳನ್ನು ವ್ಯಾಪಾರಕ್ಕೆ ಬಳಸುವುದನ್ನು ತಡೆಯುವ 1950ರ ಕಾಯ್ದೆಯನ್ನು ಎತ್ತಲಾಯಿತು. 2010ರಲ್ಲಿ ಕಂಪನಿ ಭಾರತದಲ್ಲಿ ಅದರ ಮಾರಾಟ ನಿಲ್ಲಿಸಿತು.

ಇದೇ ಗಾಂಧೀಜಿಗೂ ಒಂದು ಶಾಯಿ ಪೆನ್ನಿಗೂ ಇರುವ ಇನ್ನೊಂದು ನಂಟನ್ನು ಇದರ ಜೊತೆಯಲ್ಲೇ ಹೇಳಬೇಕು. ಕೆ.ವಿ. ರತ್ನಂ ಅವರು 1930ರ ದಶಕದ ಮೊದಲಲ್ಲಿ ರಾಜಮಹೇಂದ್ರಿಯಲ್ಲಿ ಸ್ವದೇಶಿ ಪೆನ್ನು ಮಾಡಲು ಹೊರಟರು. ಅದಕ್ಕೆ ಪ್ರೇರಣೆ ಗಾಂಧೀಜಿ. ಅವರಿಗೆ ಕಳಿಸಿದ ಪೆನ್ನಿಗೆ 1935ರಲ್ಲಿ ಉತ್ತರ ಬಂತು. ಬಳಸಿ ನೋಡಿದ್ದೇನೆ, ಪೇಟೆಯಲ್ಲಿ ಸಿಗುವ ವಿದೇಶಿ ಪೆನ್ನುಗಳ ಬದಲಿಗೆ ಇದು ಆಗಬಹುದು ಎಂಬ ಅರ್ಥದ ಪತ್ರ ಅದು. ರಾಜಮಹೇಂದ್ರಿಯಲ್ಲಿ ಆ ಹೆಸರಿನ ಪೆನ್ನು ಈ ಕಾಲಕ್ಕೂ ತಯಾರಾಗಿದೆ. ಗಾಂಧೀಜಿಯ ಹೆಸರಿನ ಪೆನ್ನು ಇಟ್ಟುಕೊಳ್ಳಬೇಕೆಂಬ ಆಸೆ ಇದ್ದವರಿಗೆ ದಾರಿ ತೋರಿಸಿ ಎಂದರೆ ನಾನು ರಾಜಮಹೇಂದ್ರಿಯ ಕಡೆಗೇ ಕೈ ತೋರಿಸುತ್ತೇನೆ.

ಈಗ ಮಿತವ್ಯಯದ ತಪ್ಪುಗಳಿಗೆ ಬರೋಣ, ಅವೂ ಕಡಿಮೆಯಿಲ್ಲ. ಬಹಳ ಜನ ಪೆನ್ನಿಗೆ ಎರಡು ಸಾವಿರ ಕೊಟ್ಟು, ಅದರಿಂದ ಅಗ್ಗದ ರಫ್ ನೋಟ್‌ಬುಕ್ಕಿನಲ್ಲಿ ಬರೆದು, "ಪೆನ್ನು ಸರಿಯಿಲ್ಲ, ಇಂಕು ಹರಡುತ್ತೆ" ಎನ್ನುತ್ತಾರೆ. ತಪ್ಪು ಕಾಗದದ್ದು. ಕಾಗದ ಮಾಡುವಾಗ ನಾರಿಗೆ ನೀರು ಬೇಗ ಹೀರದಂತೆ ಒಂದು ಬಗೆಯ ಗಂಜಿ ಕೊಡುತ್ತಾರೆ, ಅದನ್ನು ಸೈಜಿಂಗ್ ಎನ್ನುತ್ತಾರೆ. ಅದು ಸಾಲದಿದ್ದರೆ ಶಾಯಿ ನಾರಿನ ಗುಂಟ ಹರಿದು ಅಕ್ಷರಕ್ಕೆ ಮೀಸೆ ಮೂಡುತ್ತದೆ, ಹಿಂಬದಿಗೆ ಇಳಿಯುತ್ತದೆ. ಕಾಗದ ದಪ್ಪ ಇದ್ದರೆ ಸಾಕು ಎಂಬ ನಂಬಿಕೆಯಿಂದ 100 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ನೂರು ಗ್ರಾಂ ತೂಗುವಂಥದ್ದು) ಹುಡುಕುವವರಿದ್ದಾರೆ. ಜಪಾನಿನ ಟೊಮೊಯೆ ರಿವರ್ ಎಂಬ ಕಾಗದ ಬರೀ 52 ಜಿಎಸ್‌ಎಂ, ಬೆರಳು ಇಟ್ಟರೆ ಆಚೆ ಕಾಣುವಷ್ಟು ತೆಳು. ಆದರೂ ಅದರಲ್ಲಿ ಶಾಯಿ ಹರಡುವುದಿಲ್ಲ, ಹಿಂದಕ್ಕೂ ಇಳಿಯುವುದಿಲ್ಲ. ನಮ್ಮ ಊರಿನ ಸ್ಟೇಷನರಿ ಅಂಗಡಿಗಳಲ್ಲೂ ಶಾಯಿಗೆ ಒಗ್ಗುವ ನೋಟ್‌ಬುಕ್ಕು ಹುಡುಕಿದರೆ ಸಿಗುತ್ತದೆ. ಪೆನ್ನು ಜೊತೆಗೇ ತೆಗೆದುಕೊಂಡು ಹೋಗಿ, ಅಂಗಡಿಯವರನ್ನು ಕೇಳಿ ಕೊನೆಯ ಪುಟದ ಮೂಲೆಯಲ್ಲಿ ಒಂದು ಗೆರೆ ಎಳೆದು ನೋಡಿ. ಪೆನ್ನು ಬದಲಿಸಲು ಯೋಚಿಸುವ ಮೊದಲು ನೋಟ್‌ಬುಕ್ಕು ಬದಲಿಸುವುದು ಎಷ್ಟೋ ಪಾಲು ಅಗ್ಗದ ಮದ್ದು.

ಇನ್ನೊಂದು ತಪ್ಪು, ಕೆರೆಯುವ ಪೆನ್ನನ್ನು ಹಾಗೇ ಮೂಲೆಗೆ ಹಾಕಿ ಅದಕ್ಕಿಂತ ದುಬಾರಿಯದನ್ನು ಕೊಳ್ಳುವುದು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ತುದಿಯನ್ನು ನೇರವಾಗಿ ನೋಡಿದರೆ, ಸೀಳಿನ ಒಂದು ಬದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲಿರುವುದು ಕಾಣುತ್ತದೆ. ಹೆಚ್ಚಿನ ಕೆರೆತಕ್ಕೆ ಕಾರಣ ಅಷ್ಟೇ. ಮೇಲಿರುವ ಬದಿಯನ್ನು ಉಗುರಿನಿಂದ ಮೆಲ್ಲಗೆ ಕೆಳಗೊತ್ತಿ, ಮತ್ತೆ ನೋಡಿ, ಮತ್ತೆ ಬರೆದು ನೋಡುವುದು. ಮರಳು ಕಾಗದದಿಂದ ಉಜ್ಜಲು ಮಾತ್ರ ಹೋಗಬೇಡಿ, ತುದಿಯ ಗುಂಡು ಸವೆದರೆ ವಾಪಸ್ ಬರುವುದಿಲ್ಲ. ಶಾಯಿಯ ವಿಷಯದಲ್ಲೂ ಒಂದು ಎಚ್ಚರ: ಚಿತ್ರ ಬರೆಯಲು ಮಾರುವ ಡ್ರಾಯಿಂಗ್ ಇಂಕು ಅಗ್ಗವಾಗಿ, ಕಡುಕಪ್ಪಾಗಿ ಸಿಗುತ್ತದೆ ಎಂದು ಪೆನ್ನಿಗೆ ತುಂಬಬಾರದು. ಅದರಲ್ಲಿ ಅರಗು ಇರುತ್ತದೆ, ಒಣಗಿದರೆ ಫೀಡ್ ಕಟ್ಟಿಕೊಳ್ಳುತ್ತದೆ. ಬೀದಿಯಲ್ಲಿ ಐನೂರಕ್ಕೆ ಸಿಗುವ ಬಿಳಿ ನಕ್ಷತ್ರದ ಪೆನ್ನು ನಕಲಿ ಎಂದು ಬೇರೆ ಹೇಳಬೇಕಿಲ್ಲ. ಅದರಲ್ಲಿ ಹೆಸರೂ ಸುಳ್ಳು, ನಿಬ್ಬೂ ಸುಳ್ಳು.

ಶಾಯಿಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿದರೆ ಈ ಹವ್ಯಾಸದ ನಿಜವಾದ ಖರ್ಚು ಎಲ್ಲಿದೆ ಎಂದು ತಿಳಿಯುತ್ತದೆ. ಕ್ಯಾಮ್ಲಿನ್ ಅಥವಾ ಬ್ರಿಲ್ ಶಾಯಿಯ 60 ಮಿಲಿಲೀಟರ್ ಸೀಸೆ ಐವತ್ತು ರೂಪಾಯಿಯ ಆಸುಪಾಸು. ಮಿಲಿಲೀಟರಿಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಜಪಾನಿನ ಇರೋಶಿಜುಕು ಶಾಯಿಯ 50 ಮಿಲಿಲೀಟರಿಗೆ ಒಂದೂವರೆ ಎರಡು ಸಾವಿರ, ಅಂದರೆ ಮಿಲಿಲೀಟರಿಗೆ ಮೂವತ್ತು ನಲವತ್ತು ರೂಪಾಯಿ. ನಲವತ್ತು ಪಟ್ಟು ವ್ಯತ್ಯಾಸ ಕೇಳಲು ಭಯಂಕರ. ಆದರೆ ಪೆನ್ನಿನೊಳಗಿನ ಕನ್ವರ್ಟರ್, ಅಂದರೆ ಸೀಸೆಯಿಂದ ಶಾಯಿ ಎಳೆದು ಇಟ್ಟುಕೊಳ್ಳುವ ಸಣ್ಣ ನಳಿಗೆ, ಒಂದು ಸಲಕ್ಕೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್ ಹಿಡಿಯುತ್ತದೆ. ವಾರಕ್ಕೊಮ್ಮೆ ತುಂಬಿಸುವವರಿಗೆ ಒಂದು ಸೀಸೆ ಒಂದು ವರ್ಷ ಬರುತ್ತದೆ. ದಿನಾ ಬರೆಯುವ ಒಬ್ಬರಿಗೆ ವರ್ಷಕ್ಕೆ ಎರಡು ಸಾವಿರದ ಚೆಂದದ ಬಣ್ಣ, ಅದೂ ದಿನಾ ಕಣ್ಣಿಗೆ ಬೀಳುವಂಥದ್ದು, ನನ್ನ ಲೆಕ್ಕದಲ್ಲಿ ದುಂದು ಅಲ್ಲ. ಎರಡನೆಯ ಸೀಸೆ ಕೊಂಡ ದಿನ ಲೆಕ್ಕ ಬದಲಾಗುತ್ತದೆ. ಹತ್ತು ಸೀಸೆ ಇಟ್ಟುಕೊಂಡವರ ಮನೆಯಲ್ಲಿ ಹತ್ತು ವರ್ಷದ ಶಾಯಿ ಇದೆ. ಅಷ್ಟೂ ದುಬಾರಿ ಸೀಸೆಗಳಾದರೆ ಇಪ್ಪತ್ತು ಸಾವಿರ ರೂಪಾಯಿ ಕಪಾಟಿನಲ್ಲಿ ಕೂತಿದೆ, ಮತ್ತು ಶಾಯಿಗೂ ಒಂದು ಬಾಳಿಕೆಯ ಮಿತಿ ಇದೆ.

ಪೆನ್ನಿನದೂ ಇದೇ ಕಥೆ, ಮತ್ತು ನನಗೆ ಹೇಳಲೇಬೇಕಾದ ಮುಖ್ಯ ಮಾತು ಇದು. ಈ ಹವ್ಯಾಸದಲ್ಲಿ ಕೈ ಸುಡುವುದು ಒಂದು ದುಬಾರಿ ಪೆನ್ನಿನಿಂದ ಬಹಳ ಕಡಿಮೆ. ಲಕ್ಷದ ಪೆನ್ನು ಕೊಳ್ಳುವಾಗ ಯಾರೂ ತಟ್ಟನೆ ಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಯೋಚಿಸುತ್ತಾರೆ, ಮನೆಯವರನ್ನು ಕೇಳುತ್ತಾರೆ, ಅಂಗಡಿಯಲ್ಲಿ ಹಿಡಿದು ನೋಡುತ್ತಾರೆ. ಎರಡು ಸಾವಿರದ ಪೆನ್ನಿಗೆ ಆ ಯೋಚನೆ ಬೇಕೆನಿಸುವುದಿಲ್ಲ, ಒಂದು ಸಲ ಹೋಟೆಲಿಗೆ ಹೋದಷ್ಟೇ ತಾನೇ ಎನಿಸುತ್ತದೆ. ಲ್ಯಾಮಿ ಸಫಾರಿ ಎಂಬ ಜರ್ಮನ್ ಪೆನ್ನು 1980ರಲ್ಲಿ ಬಂತು, ಇಂದಿಗೂ ಹೆಚ್ಚುಕಡಿಮೆ ಅದೇ ಆಕಾರ, ಅದೇ ಸ್ಟೀಲ್ ನಿಬ್ಬು. ಬೇಕಾದರೆ ನಿಬ್ಬನ್ನು ಮಾತ್ರ ಬಿಡಿಯಾಗಿ ಕೊಂಡು ಜಾರಿಸಿ ಹಾಕಿಕೊಳ್ಳಬಹುದು, ಇಷ್ಟು ಜಾಣತನದ ಪೆನ್ನು ಅದು. ಆದರೆ ವರ್ಷಕ್ಕೊಂದು ಹೊಸ ಬಣ್ಣ ಬರುತ್ತದೆ, ಆ ವರ್ಷ ಬಿಟ್ಟರೆ ಸಿಗುವುದಿಲ್ಲ ಎಂಬ ಮಾತೂ ಜೊತೆಗೆ ಬರುತ್ತದೆ. ಒಬ್ಬರಿಗೆ ಒಂದೋ ಎರಡೋ ಸಫಾರಿ ಬೇಕಾಗಬಹುದು. ಇಪ್ಪತ್ತು ಬಣ್ಣದ ಇಪ್ಪತ್ತು ಸಫಾರಿಗೆ ಕೊಟ್ಟ ದುಡ್ಡಿನಲ್ಲಿ ಚಿನ್ನದ ನಿಬ್ಬಿನ ಒಳ್ಳೆಯ ಜಪಾನಿ ಪೆನ್ನು ಬಂದು, ಮೇಲೆ ಎರಡು ಮೂರು ವರ್ಷಕ್ಕಾಗುವಷ್ಟು ಕಾಗದ ಬರುತ್ತಿತ್ತು. ಸಣ್ಣ ಸಣ್ಣ ಖರ್ಚು ಮಿತವ್ಯಯದ ವೇಷದಲ್ಲಿ ಬರುತ್ತದೆ, ಅದರಿಂದಲೇ ಅದನ್ನು ಗುರುತಿಸುವುದು ಕಷ್ಟ.

ಇದಕ್ಕೆ ಇನ್ನೊಂದು ಮುಖವೂ ಇದೆ. ಶಾಯಿ ತುಂಬಿದ ಪೆನ್ನನ್ನು ಬಳಸದೆ ಬಿಟ್ಟರೆ ಕೆಲವು ವಾರಗಳಲ್ಲಿ ನಿಬ್ಬಿನ ಬಾಯಿ ಒಣಗುತ್ತದೆ, ಆಮೇಲೆ ತಣ್ಣೀರಿನಲ್ಲಿ ನೆನೆಸಿ ತೊಳೆಯಬೇಕು. ಆರು ಪೆನ್ನಿಗೆ ಶಾಯಿ ತುಂಬಿಟ್ಟವರು ಭಾನುವಾರ ಬೆಳಿಗ್ಗೆ ಬರೆಯುವ ಬದಲು ತೊಳೆಯುತ್ತಾ ಕೂರುತ್ತಾರೆ. ಪ್ಲಾಟಿನಂ ಕಂಪನಿಯ ಪ್ರೆಪ್ಪಿ ಎಂಬ ಅಗ್ಗದ ಪ್ಲಾಸ್ಟಿಕ್ ಪೆನ್ನಿನ ಕ್ಯಾಪಿನೊಳಗೆ ಸ್ಪ್ರಿಂಗ್ ಇರುವ ಒಂದು ಒಳಮುಚ್ಚಳ ಇದೆ, ಅದು ಶಾಯಿಯನ್ನು ತಿಂಗಳುಗಟ್ಟಲೆ ಒಣಗಲು ಬಿಡುವುದಿಲ್ಲ. ಇಷ್ಟು ಅನುಕೂಲವಾದ ಗುಣ ಎಷ್ಟೋ ದುಬಾರಿ ಪೆನ್ನುಗಳಲ್ಲಿಲ್ಲ. ಆದ್ದರಿಂದ ಬೆಲೆಯನ್ನು ನೋಡಿ ಪೆನ್ನಿನ ಗುಣವನ್ನು ಊಹಿಸುವುದು ಎರಡೂ ಕಡೆಗೆ ತಪ್ಪಾಗುತ್ತದೆ.

ಹಳೆಯ ಪೆನ್ನುಗಳ ದಾರಿ ಬೇರೆಯೇ. 1941ರಲ್ಲಿ ಪೇಟೆಗೆ ಬಂದ ಪಾರ್ಕರ್ 51 ಎಂಬ ಪೆನ್ನು ತನ್ನ ನಿಬ್ಬಿನ ತುದಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿಕೊಂಡಿರುತ್ತದೆ. ತೊಳೆದು, ರಬ್ಬರಿನ ಭಾಗ ಬದಲಿಸಿದರೆ ಅಂದಿನ ಪೆನ್ನು ಇಂದಿಗೂ ಬರೆಯುತ್ತದೆ. ನಮ್ಮ ಅಪ್ಪಂದಿರ ಜೇಬಿನಲ್ಲಿದ್ದ ಚೀನಾದ ಹೀರೋ ಪೆನ್ನು ಈ ಪಾರ್ಕರಿನ ಅಚ್ಚಿನಲ್ಲೇ ಬಂದದ್ದು. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಮಾವನೋ ಚಿಕ್ಕಪ್ಪನೋ ಕೊಡಿಸಿದ ಹೀರೋ ಎಷ್ಟೋ ಮನೆಗಳ ಬೀರುವಿನಲ್ಲಿ ಇಂದಿಗೂ ಇದೆ. ಅದನ್ನು ಹೊರತೆಗೆದು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಹೊಸ ಪೆನ್ನು ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಅದೇ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮೂರು ಸಾವಿರ ಇದೆ, ಶುರು ಮಾಡಬೇಕು ಎನ್ನುವವರಿಗೆ ನಾನು ಹೇಳುವ ಹಂಚಿಕೆ ಹೀಗೆ: ಒಂದೂವರೆ ಸಾವಿರದೊಳಗೆ ಸ್ಟೀಲ್ ನಿಬ್ಬಿನ ಒಂದೇ ಪೆನ್ನು, ಕನ್ನಡದ ಒತ್ತಕ್ಷರ ಕೂಡಿಕೊಳ್ಳದಂತೆ ತೆಳ್ಳಗೆ ಬರೆಯುವ ಫೈನ್ ನಿಬ್ಬಿನದು. ಐನೂರಕ್ಕೆ ಒಳ್ಳೆಯ ಕಾಗದದ ನೋಟ್‌ಬುಕ್ಕು. ನೂರರೊಳಗೆ ಒಂದು ಸೀಸೆ ನೀಲಿ ಶಾಯಿ. ಒಂದು ಭೂತಗನ್ನಡಿ. ಉಳಿದದ್ದನ್ನು ಹಾಗೇ ಇಡಿ. ಆರು ತಿಂಗಳಲ್ಲಿ ಆ ಸೀಸೆ ಅರ್ಧಕ್ಕೆ ಇಳಿದಿದ್ದರೆ ನಿಮಗೆ ಬರೆಯುವ ಹವ್ಯಾಸ ಹತ್ತಿದೆ, ಮುಂದಿನ ಖರ್ಚಿಗೆ ಅದೇ ಅನುಮತಿ. ಸೀಸೆ ಹಾಗೇ ಇದ್ದು ಪೆನ್ನು ಮಾತ್ರ ಐದಾಗಿದ್ದರೆ ನಿಮ್ಮದು ಸಂಗ್ರಹದ ಹವ್ಯಾಸ. ಅದೂ ಒಳ್ಳೆಯದೇ, ಆದರೆ ಅದರ ಬಜೆಟ್ಟನ್ನು ಬೇರೆ ಪುಟದಲ್ಲಿ, ಮನೆಯವರ ಕಣ್ಣೆದುರಿಗೇ ಬರೆದಿಡಬೇಕು.

ಆರು ತಿಂಗಳ ಮೇಲೆ ಒಂದು ದೊಡ್ಡ ಖರ್ಚು ಮಾಡಲು ಮನಸ್ಸಾದರೆ, ಕೈಯಲ್ಲಿ ತಿರುಗಿಸಿದ ಎಬೊನೈಟ್ ಪೆನ್ನೊಂದನ್ನು ಹೇಳಿ ಮಾಡಿಸಿಕೊಳ್ಳಿ. ಉದ್ದ, ದಪ್ಪ, ಬಣ್ಣ, ಕ್ಲಿಪ್ ಬೇಕೋ ಬೇಡವೋ, ನಿಬ್ಬು ಇಲ್ಲಿನದೋ ಜರ್ಮನಿಯದೋ, ಎಲ್ಲ ನೀವೇ ಹೇಳಬಹುದು. ನಿಮ್ಮ ಹಸ್ತದ ಅಗಲ, ಈಗಿನ ಪೆನ್ನು ಎಲ್ಲಿ ಒತ್ತುತ್ತದೆ, ಎಷ್ಟು ಹೊತ್ತು ಬರೆದರೆ ಬೆರಳು ನೋಯುತ್ತದೆ ಎಂಬುದನ್ನೆಲ್ಲ ಮೊದಲೇ ಗುರುತು ಹಾಕಿಕೊಂಡಿರಿ, ಆ ಆರು ತಿಂಗಳ ಬರವಣಿಗೆ ಇದಕ್ಕೂ ಬೇಕು. ಮಾಡಲು ಕೆಲವು ವಾರ ತೆಗೆದುಕೊಳ್ಳುತ್ತಾರೆ. ಬಂದ ಮೇಲೆ ಶಾಯಿ ಸರಿಯಾಗಿ ಇಳಿಯದಿದ್ದರೆ ವಾಪಸ್ ಕಳಿಸಿ, ಯಾವ ಇಂಕು ಹಾಕಿದ್ದಿರಿ ಎಂಬುದನ್ನೂ ಚೀಟಿಯಲ್ಲಿ ಬರೆದು ಇಡಿ. ಫೀಡ್ ಕೊರೆದವರೇ ಅದನ್ನು ಮತ್ತೆ ಕೂರಿಸಿ ಕೊಡುತ್ತಾರೆ.